ಗುಟ್ಟಿನ ಪೊಟ್ಟಣ

ಬರೆದ ಕಾಗದ ಕಂಡರೆ ಲೀಲಮ್ಮನವರ ಕೈ ಸುಮ್ಮನಿರುವುದಿಲ್ಲ. ದೆಹಲಿಯ ರೋಹಿಣಿ ಬಡಾವಣೆಯಲ್ಲಿದ್ದ ಅವರ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಅಹಲ್ಯಾಳ ಎಂ.ಟೆಕ್. ಹಾಳಾಗಲು ಅಷ್ಟೇ ಸಾಕಾಯಿತು.

ಅವಳು ಓದುತ್ತಿದ್ದುದು ಕಂಪ್ಯೂಟರ್ ಸುರಕ್ಷತೆ. ಪ್ರಬಂಧದ ವಿಷಯ, ಜನ ತಮ್ಮ ಗುಟ್ಟನ್ನು ಹೇಗೆ ಕಾಪಾಡಿಕೊಳ್ಳುತ್ತಾರೆ ಎಂಬುದು. ದೆಹಲಿಯಲ್ಲಿ ಕನ್ನಡ ಟೈಪಿಂಗ್ ಸಿಗದೆ ಪ್ರಶ್ನೆಗಳನ್ನು ಕೈಯಲ್ಲೇ ಬರೆದು ಜೆರಾಕ್ಸ್ ಮಾಡಿಸಿದ್ದಳು: ‘ಯಾರಿಂದ ಏನನ್ನು ಮುಚ್ಚಿಡುತ್ತೀರಿ? ಹೆಸರು ಬರೆಯಬೇಡಿ.’ ಮೊದಲ ಫಾರಂ ತಾನೇ ತುಂಬಿದಳು. ಉಳಿದ ಮೂವತ್ತೊಂಬತ್ತನ್ನು ಕನ್ನಡದವರ ಮನೆಗಳಿಗೆ ಹಂಚಿ, ಬೇರೆ ಯಾರ ಕಣ್ಣಿಗೂ ಬೀಳುವುದಿಲ್ಲವೆಂದು ದೇವರಾಣೆ ಮಾಡಿದ್ದಳು. ನಮ್ಮವರು ಗುಟ್ಟು ಬರೆದು, ಕೆಳಗೆ ಹೆಸರು, ಮನೆ ನಂಬರು, ಫೋನ್ ನಂಬರು ಕೊಟ್ಟು ಸಹಿಯನ್ನೂ ಹಾಕಿದರು. ಸಹಿಯಿಲ್ಲದ ಫಾರಂ ಎಲ್ಲಾದರೂ ನಡೆಯುತ್ತದೆಯೇ!

ಎರಡು ಸಾವಿರದ ಆರರ ಜನವರಿ. ಅಂದು ಮೂರು ಗಂಟೆಗೆ ಗೈಡ್‌ಗೆ ಒಪ್ಪಿಸದಿದ್ದರೆ ಡಿಗ್ರಿ ಇಲ್ಲ. ವಾಪಸು ಬಂದ ಫಾರಂಗಳ ಕಟ್ಟನ್ನು ಮೆಟ್ಟಿಲ ಮೇಲಿಟ್ಟು ಶಾಲು ತರಲು ಹೋಗಿ ಬರುವಷ್ಟರಲ್ಲಿ ಅದು ಮಾಯ.

“ಆಂಟಿ, ಇಲ್ಲಿದ್ದ ಕಾಗದ?”

“ರದ್ದಿ ಭಯ್ಯಾಗೆ ಹಾಕ್ದೆ ಕಣಮ್ಮ. ಬರೆದಾಗಿತ್ತು, ಇನ್ನೇನಕ್ಕೆ ಬರತ್ತೆ?”

“ನಿಮ್ಮ ಫಾರಮ್ಮೂ ಅದ್ರಲ್ಲೇ ಇತ್ತು!”

“ಅಯ್ಯೋ ದೇವ್ರೇ! ಸುಬೇದಾರ್ರು ಓದಿದ್ರೆ?” ಲೀಲಮ್ಮ ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದರು. ಗಲಾಟೆ ಕೇಳಿ ಕೆಳಮನೆಯ ನಿವೃತ್ತ ಸುಬೇದಾರ್ ಕಾರ್ಯಪ್ಪನವರೂ ಹೊರಬಂದರು. “ಚಲೋ, ಚಲೋ! ನಂದೂ ಇದೆ!”

ರದ್ದಿಯವನು ಕಟ್ಟನ್ನು ಆಗಲೇ ಕಾಲೇಜು ರಸ್ತೆಯ ಕಡಲೆಕಾಯಿ ಗಾಡಿಗೆ ಕೊಟ್ಟಿದ್ದ. ಗಾಡಿಯವನು ರೋಹಿಣಿಯ ಗುಟ್ಟುಗಳನ್ನೆಲ್ಲ ಸುತ್ತಿ, ಕಡಲೆಕಾಯಿ ತುಂಬಿ, ಸಾಲಾಗಿ ನಿಲ್ಲಿಸಿದ್ದ. ಮೂವರೂ ಪೊಟ್ಟಣ ಬಿಚ್ಚತೊಡಗಿದರು. ಬಿಚ್ಚಿದ್ದನ್ನು ಓದದೆ ಇರಲಾದೀತೇ?

“ಏನ್ರೀ ಲೀಲಮ್ಮ, ದಿನಾ ನಮ್ಮನೆ ಪೇಪರ್ ಕದ್ದು ರದ್ದಿಗೆ ಹಾಕ್ತಿದ್ದಿದ್ದು ನೀವಾ?”

“ನೀವೇನು ಕಮ್ಮಿ? ಹೆಂಡ್ತಿ ಬೊಳ್ಳಮ್ಮನ ಕಣ್ಣುತಪ್ಪಿಸಿ ಜಿಲೇಬಿ ತಿಂತೀರಂತೆ, ಶುಗರ್ ಇಟ್ಕೊಂಡು!”

ಜಗಳ ಮುಗಿಯುವ ಹೊತ್ತಿಗೆ ಮೂವತ್ತೊಂಬತ್ತು ಸಿಕ್ಕಿದ್ದವು. ಕಾರ್ಯಪ್ಪ ಮುಖ ತಿರುಗಿಸಿಕೊಂಡು ಹೋದರು. “ತಿಂಗಳ ಕೊನೆಗೆ ಕೋಣೆ ಖಾಲಿ ಮಾಡ್ಬಿಡಮ್ಮ” ಎಂದರು ಲೀಲಮ್ಮ. ಮಂಜಿನಲ್ಲಿ ಒಬ್ಬಳೇ ಕಾಲೇಜಿನತ್ತ ನಡೆಯುವಾಗ ಅಹಲ್ಯಾಗೆ ಅಳು ತಡೆಯಲಾಗಲಿಲ್ಲ.

ಗೈಡ್ ಅಶ್ವತ್ಥನಾರಾಯಣ ಮೈಸೂರಿನವರು. ನಿಧಾನವಾಗಿ ಎಣಿಸಿದರು.

“ಒಂದು ಕಮ್ಮಿ ಇದೆ.”

“ಕಳೆದುಹೋಯ್ತು ಸಾರ್.”

“ಇಲ್ಲ, ಇಲ್ಲಿದೆ.” ಮೇಜಿನ ಮೇಲಿದ್ದ ಕಡಲೆಕಾಯಿ ಪೊಟ್ಟಣ ಬಿಚ್ಚಿ, ಕಾಗದ ಸವರಿ ಓದಿದರು. “‘ಯಾರಿಂದ? ನನ್ನ ಗೈಡ್‌ನಿಂದ. ಏನನ್ನು? ಅವರಿಗೆ ಈ ವಿಷಯ ಏನೇನೂ ಬರುವುದಿಲ್ಲ ಎಂಬುದನ್ನು.’”

ಅಹಲ್ಯಾ ಕಾಗದದ ಕೊನೆಗೆ ಕಣ್ಣು ಹಾಯಿಸಿದಳು. “ಯಾರದೋ ಏನೋ ಸಾರ್... ಹೆಸರಿಲ್ವಲ್ಲ.”

“ಹೌದು, ಹೆಸರು ಬರೀದೇ ಇರೋ ಜಾಣರು ಇವರೊಬ್ಬರೇ. ಆದ್ರೆ ಪ್ರಶ್ನೆ ಬರೆದ ಕೈನೇ ಉತ್ತರಾನೂ ಬರೆದಿದೆ, ನೋಡಿ.”

ಅವರು ಕೊನೆಯ ಕಡಲೆಕಾಯಿ ಸುಲಿದು ಬಾಯಿಗೆ ಹಾಕಿಕೊಂಡು, ಕಟ್ಟನ್ನು ಅವಳತ್ತ ತಳ್ಳಿದರು.

“ಮುಂದಿನ ವರ್ಷ ಬನ್ನಿ. ಅಷ್ಟರಲ್ಲಿ ನಾನೂ ಸ್ವಲ್ಪ ಓದ್ಕೊಂಡಿರ್ತೀನಿ.”