ಆರುನೂರು ದಿನಾರ್ ಲಾಯರ್ ಫೀಸು

ಉಷಾಲತಾ: ಕೇಸು ಮುಗೀತಲ್ಲ, ಅಷ್ಟು ಸಾಕು. ಪುನಃ ಸರ್ಕಾರದ ಹತ್ರ ಎಂತ ಜಗಳ ನಿಮ್ಮದು?

ವಸಂತಕುಮಾರ: ಮುಗಿದದ್ದಲ್ಲ ಮಾರಾಯ್ತಿ, ವಜಾ ಆದದ್ದು! ಕದಿಯದವನನ್ನು ಕಳ್ಳ ಅಂದದ್ದು ಅವರು. ಲಾಯರಿಗೆ ಆರುನೂರು ದಿನಾರ್ ನಾನ್ಯಾಕೆ ಕೊಡುದು?

ಕೊಲ್ಲಿ ದೇಶದ ಗುಫೂಲ್ ಬಡಾವಣೆಯ ಫ್ಲ್ಯಾಟು, ಶುಕ್ರವಾರದ ಬೆಳಿಗ್ಗೆ. ವಸಂತಕುಮಾರ ಹೆಂಡತಿ ಬಡಿಸಿದ ನೀರುದೋಸೆಯ ತಟ್ಟೆ ಸರಿಸಿ ಮೇಜಿನ ತುಂಬ ಕಾಗದ ಹರಡಿದ್ದಾನೆ. ಎದುರಿಗೆ ಕುಳಿತವನು ಲಾಯರ್ ಆಫೀಸಿನ ಅನುವಾದಕ ಸವಾದ್. ಫೀಸು ವಾಪಸ್ ಕೇಳುವ ಅರ್ಜಿಯನ್ನು ಅರಬಿಯಲ್ಲಿ ಬರೆಯಲು ಬಂದಿದ್ದಾನೆ.

ಸವಾದ್: ಕೇಳಿ ನೋಡುವ ವಸಂತಣ್ಣ. ಸಿಕ್ಕಿಯೇ ಸಿಗ್ತದೆ ಅಂತ ನಾನು ಹೇಳುದಿಲ್ಲ. ಮೊದಲು ನಡೆದದ್ದು ಹೇಳಿ.

ವಸಂತಕುಮಾರ: ಈಸಾ ಟೌನಿನಲ್ಲಿ ಮಗಳ ಸ್ಕೂಲಿನ ಮೀಟಿಂಗ್ ಮುಗಿಸಿ ಹೊರಗೆ ಬಂದೆ. ನಮ್ಮ ಕಾರಿನ ಎಸಿ ತಣ್ಣಗಾಗ್ಲಿಕ್ಕೆ ಅರ್ಧ ಗಂಟೆ ಬೇಕು. ಹಾಗೆ ಸ್ಟಾರ್ಟ್ ಮಾಡಿಯೇ ಬಿಟ್ಟು ಹೋಗಿದ್ದೆ. ಬಂದೆ, ಬಿಳಿ ಕಾರು ಹತ್ತಿದೆ, ಹೊರಟೆ.

ಉಷಾಲತಾ: ಬೇರೆಯವರ ಬಿಳಿ ಕಾರು.

ವಸಂತಕುಮಾರ: ಅದೂ ಸ್ಟಾರ್ಟಿನಲ್ಲೇ ಇತ್ತಲ್ಲ!

ಉಷಾಲತಾ: ಕೂತಾಗ ಐಸಿನ ಹಾಗೆ ತಂಪು. ಆಗಲಾದ್ರೂ ಇದು ನಮ್ಮದಲ್ಲ ಅಂತ ಡೌಟು ಬರಬೇಡ್ವಾ?

ವಸಂತಕುಮಾರ: ನೀನು ಹೇಳದೆ ರಿಪೇರಿ ಮಾಡಿಸಿದ್ದಿ ಅಂತ ಖುಷಿಯಾಯ್ತು.

ಸವಾದ್: ಖುಷಿಯಾಯ್ತು ಅಂತ ಬರೀಬೇಕಾ?

ಉಷಾಲತಾ: ಬರಿ. ಹಿಂದಿನ ಸೀಟಿನಲ್ಲಿದ್ದ ಮೂರು ಕಿಲೋ ಮೀನು ತಂದು ನನ್ನ ಕೈಗೆ ಕೊಟ್ರು ಅಂತಲೂ ಬರಿ.

ವಸಂತಕುಮಾರ: ನೀನೇ ತಂದಿಟ್ಟದ್ದು ಅಂದುಕೊಂಡೆ!

ಉಷಾಲತಾ: ಪೊಲೀಸ್ ಬೆಲ್ ಮಾಡುವಾಗ ಆ ಮೀನಿನ ಗಸಿ ಕುದೀತಾ ಇತ್ತು.

ಸವಾದನ ಪೆನ್ನು ನಿಂತಿತು.

ಸವಾದ್: ಅಂದ್ರೆ ಸಾಕ್ಷಿಯನ್ನು ನೀವು ಒಲೆ ಮೇಲೆ ಇಟ್ಟಿದ್ರಾ ಅಕ್ಕ?

ವಸಂತಕುಮಾರ: ಮೀನಿನ ಸುದ್ದಿ ಬರೀಬೇಡ! ನಮ್ಮ ಕಾರು ಸಂಜೆವರೆಗೂ ಸ್ಕೂಲ್ ಗೇಟಿನ ಹತ್ರ ಸ್ಟಾರ್ಟಿನಲ್ಲೇ ನಿಂತಿತ್ತು ಅಂತ ಬರಿ. ಸ್ವಂತ ಕಾರು ಬಿಟ್ಟು ಕದಿಯುವ ಕಳ್ಳ ಇಲ್ಲ ಅಂತ ಜಡ್ಜಿಗೂ ಗೊತ್ತಾದದ್ದು ಅದರಿಂದಲೇ.

ಸವಾದ್ ನಗು ತಡೆಯಲಾರದೆ ಕೆಮ್ಮಿದ. ವಸಂತಕುಮಾರನ ದನಿ ತಗ್ಗಿತು.

ವಸಂತಕುಮಾರ: ನಗಬೇಡ ಸವಾದ್. ಮೂರು ತಿಂಗಳು ಟ್ರಾವೆಲ್ ಬ್ಯಾನ್. ತಂಗಿಯ ಮದುವೆಯನ್ನು ಮೊಬೈಲಿನಲ್ಲಿ ನೋಡಿದೆ. ಆಫೀಸಿನಲ್ಲಿ ಈಗಲೂ ನಾನು ಹತ್ರ ಹೋದ್ರೆ ಒಬ್ಬೊಬ್ಬರೂ ಕಾರಿನ ಕೀ ಜೇಬಿಗೆ ಹಾಕ್ತಾರೆ. ಸರ್ಕಾರ ಒಂದೇ ದಿನಾರ್ ಕೊಟ್ರೂ ಸಾಕು, ತೋರಿಸ್ಲಿಕ್ಕೆ ಒಂದು ಕಾಗದ ಆಗ್ತದೆ.

ಉಷಾಲತಾ ಅವನ ತಟ್ಟೆಗೆ ಇನ್ನೊಂದು ದೋಸೆ ಹಾಕಿದಳು.

ಉಷಾಲತಾ: ಆಯ್ತು, ಬರೆಸಿ. ಆದ್ರೆ ಫೀಸು ಕಟ್ಟಿದ ರಸೀದಿ ಈಗ ಎಲ್ಲಿ ಹುಡುಕುದು?

ಸವಾದ್: ನಾನೇ ತಂದಿದ್ದೇನೆ ಅಕ್ಕ. ದುಡ್ಡು ಕಟ್ಟಿದ್ದು ಯಾರು ಅಂತ ಬರೀಬೇಕು, ಅಷ್ಟೇ.

ವಸಂತಕುಮಾರ: ಸಾಲ ತಂದದ್ದು. ಜಿಂಜ್‌ನಲ್ಲಿ ಕ್ಲೊಟಿಲ್ಡಾ ಬಾಯಿ ಅಂತ ನರ್ಸು, ಇವಳ ಫ್ರೆಂಡು. ನಾನು ಸ್ಟೇಷನ್ನಿನಲ್ಲಿದ್ದಾಗ ಇವಳೇ ಹೋಗಿ ಕೇಳಿದ್ದು. ಪಾಪ, ಬಡ್ಡಿ ಸಹ ತಗೊಳ್ಳುದಿಲ್ಲ. ತಿಂಗಳಿಗೆ ಐವತ್ತು ದಿನಾರ್ ಇವಳ ಕೈಯಲ್ಲೇ ಕಳಿಸ್ತಾ ಇದ್ದೇನೆ.

ಸವಾದ್ ರಸೀದಿ ತಿರುಗಿಸಿ ನೋಡಿದ.

ಸವಾದ್: ಇಲ್ಲಿ ಕ್ಲೊಟಿಲ್ಡಾ ಇಲ್ವಲ್ಲ ವಸಂತಣ್ಣ. ದುಡ್ಡು ಬಂದದ್ದು ಉಷಕ್ಕನ ಅಕೌಂಟಿನಿಂದ.

ಉಷಾಲತಾ ದೋಸೆಯ ಪಾತ್ರೆ ಎತ್ತಿಕೊಂಡು ಎದ್ದಳು.

ವಸಂತಕುಮಾರ: ಕೂತ್ಕೊ! ನಿನಗೆ ಅಕೌಂಟ್ ಉಂಟಾ?

ಉಷಾಲತಾ: ಆರು ವರ್ಷ ಟ್ಯೂಷನ್ ಕೊಟ್ಟು ಕೂಡಿಟ್ಟದ್ದು.

ವಸಂತಕುಮಾರ: ಹಾಗಾದ್ರೆ ಕ್ಲೊಟಿಲ್ಡಾ ಬಾಯಿ?

ಉಷಾಲತಾ: ಅವಳಿಗೆ ಎಂತದೂ ಗೊತ್ತಿಲ್ಲ, ಪಾಪ.

ವಸಂತಕುಮಾರ: ನಾನು ಕೊಟ್ಟ ಐವತ್ತು, ಐವತ್ತು?

ಉಷಾಲತಾ: ಅದೇ ಅಕೌಂಟಿಗೆ ಹೋಯ್ತು. ಹೆಂಡತಿಯ ಸಾಲ ಅಂದಿದ್ರೆ ನೀವು ತೀರಿಸ್ತಿದ್ರಾ?

ಸವಾದ್: (ಮೆಲ್ಲಗೆ) ಸರ್ಕಾರ ಕೊಟ್ರೂ ದುಡ್ಡು ಅಕ್ಕನಿಗೇ ಹೋಗುದು ಅಂತ ಕಾಣ್ತದೆ.

ವಸಂತಕುಮಾರ ಅರ್ಜಿಯನ್ನು ಪಕ್ಕಕ್ಕೆ ತಳ್ಳಿದ.

ವಸಂತಕುಮಾರ: ಸರ್ಕಾರ ಆಚೆಗಿರಲಿ ಸವಾದ್. ಬೇರೆ ಹಾಳೆ ತೆಗಿ. ಇವಳ ಮೇಲೆ ಕೇಸು!

ಉಷಾಲತಾ: ಧಾರಾಳ ಹಾಕಿ. ಫೀಸಿಗೆ ದುಡ್ಡಿಲ್ಲದಿದ್ರೆ ಹೇಳಿ, ಕ್ಲೊಟಿಲ್ಡಾನ ಹತ್ರ ಕೇಳಿ ತರ್ತೇನೆ.