ನಳ ತಿರುವಿದರೆ ಬೀರು

ನಮ್ಮ ಮಾಮಾ ಜೀವಮಾನದಲ್ಲಿ ಹೇಳಿದ ಸುಳ್ಳುಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಒಂದೇ ಒಂದನ್ನು ಅವರು ಖರೆ ಮಾಡಿ ತೋರಿಸಿದರು. ಅದನ್ನು ಖರೆ ಮಾಡಲು ಹೋಗಿ ಬನಹಟ್ಟಿಯ ಅವರ ಮನೆಯ ಮಾಳಿಗೆಗೆ ತೂತು ಬಿತ್ತು, ಒಂದು ಎಮ್ಮೆ ಕೆಟ್ಟ ಚಟಕ್ಕೆ ಬಿತ್ತು, ನನ್ನ ಭಾನುವಾರಗಳೆಲ್ಲ ನೀರುಪಾಲಾದವು.

ಮಾಮಾ ಎಂದರೆ ನನ್ನ ಅವ್ವನ ತಮ್ಮ. ಮಿಲಿಟರಿಯಲ್ಲಿದ್ದು ಊರಿಗೆ ಬಂದವರು. ಬರುವಾಗ ಒಂದು ಕಬ್ಬಿಣದ ಟ್ರಂಕು, ಒಂದು ದಪ್ಪ ಮೀಸೆ, ಹೇರಳ ಕಥೆಗಳನ್ನು ತಂದಿದ್ದರು. ದೂರದ ಯಾವುದೋ ಗಡಿಯಲ್ಲಿ ಒಂದು ಮುಧೋಳ ನಾಯಿ ಇವರ ಮಾತು ಕೇಳಿ, ಇವನು ನಮ್ಮ ಕಡೆಯವನು ಎಂದು ಗುರುತು ಹಿಡಿದು ಸೆಲ್ಯೂಟ್ ಹೊಡೆದಿತ್ತಂತೆ! ಯಾವ ಕಾಲಿನಿಂದ ಹೊಡೆಯಿತು ಎಂದು ಕೇಳಿದೆ.

“ಬಲಗಾಲಿಲೇ! ಮಿಲಿಟರಿ ನಾಯಿ ಎಡಗಾಲಿಲೇ ಹೊಡೀತೈತೇನಲೇ? ಸಾಲಿ ಮಾಸ್ತರ ಅಂತ ನಿನ್ನ!” ಎಂದು ನನ್ನ ಮೇಲೆಯೇ ಹರಿಹಾಯ್ದರು.

ಹೌದು, ನಾನು ಆಗ ಜಮಖಂಡಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಮದುವೆಯಾಗಿರಲಿಲ್ಲ. ಖಾನಾವಳಿಯ ಊಟಕ್ಕೆ ಬೇಸತ್ತು ಭಾನುವಾರ ಬಂತೆಂದರೆ ಬಸ್ಸು ಹತ್ತಿ ಬನಹಟ್ಟಿಗೆ ಓಡುತ್ತಿದ್ದೆ. ಅತ್ತೆಯ ಕೈಯ ಬಿಸಿ ರೊಟ್ಟಿ, ಎಣಗಾಯಿ ಪಲ್ಯಕ್ಕಾಗಿ ಮಾಮಾನ ಯಾವ ಸುಳ್ಳನ್ನು ಬೇಕಾದರೂ ಕೇಳಲು ನಾನು ತಯಾರಿದ್ದೆ.

ಮಳೆಗಾಲದ ಅಂಥ ಒಂದು ಭಾನುವಾರ ನಾನು ಹೋದಾಗ ಮಾಮಾ ಪಡಸಾಲೆಯ ಕಂಬಕ್ಕೆ ಒರಗಿ ಕಲ್ಲಿನಂತೆ ಕೂತಿದ್ದರು. ಕೈಯಲ್ಲೊಂದು ಕಾರ್ಡು. ಮೈಸೂರು ಕಡೆಯ ಹಳೆಯ ಮಿಲಿಟರಿ ಗೆಳೆಯರೊಬ್ಬರು, ಶಿವರಾತ್ರಿ ಕಳೆದ ಮೇಲೆ ನಿಮ್ಮೂರಿಗೆ ಬರುತ್ತೇನೆ, ನಳ ಇನ್ನೂ ಇದೆ ತಾನೆ, ಎಂದು ಬರೆದಿದ್ದರು.

“ಯಾವ ನಳ ಮಾಮಾ?”

“ಹಿಂದಕ ಒಮ್ಮಿ ಮಾತಿಗೆ ಅಂದಿದ್ನಿಪಾ. ನಮ್ಮ ಮನ್ಯಾಗ ನಳಾ ತಿರುವಿದ್ರ ಬೀರು ಬರತೈತಿ ಅಂತ.”

ಒಳಗೆ ರೊಟ್ಟಿ ಬಡಿಯುತ್ತಿದ್ದ ಸದ್ದು ನಿಂತಿತು. ಅತ್ತೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, “ಏ ನನ್ನ ಶಿವನ! ನಮ್ಮ ಓಣ್ಯಾಗ ನಳಾ ತಿರುವಿದ್ರ ನೀರ ಬರೂದಿಲ್ಲಲ್ಲರಿ!” ಎಂದರು.

ಇದರಲ್ಲಿ ಚಿಂತೆ ಮಾಡುವಂಥದ್ದೇನಿದೆ? ನಳ ಮುರಿದಿದೆ ಎಂದು ಬರೆದುಬಿಡಿ, ಸಾವಿರ ಹೇಳಿದವರಿಗೆ ಇನ್ನೊಂದು ಭಾರವೇ ಎಂದು ನಾನು ಬುದ್ಧಿ ಹೇಳಿದೆ. ಮಾಮಾ ತಲೆ ಅಲ್ಲಾಡಿಸಿದರು.

“ಬ್ಯಾಡ. ಅಂವಗ ಇನ್ನೊಂದು ಸುಳ್ಳ ಹೇಳಾಕ ನನ್ನ ಕೈಲೇ ಆಗೂದಿಲ್ಲ. ಅಂವ ಬರೂದ್ರಾಗ ಈ ಮನ್ಯಾಗ ನಳಾ ಇರಬೇಕು, ನಳದಾಗ ಬೀರು ಬರಬೇಕು.”

ನಾಯಿಯಿಂದ ಸೆಲ್ಯೂಟ್ ಹೊಡೆಸಿದ ಮನುಷ್ಯನಿಗೆ ಈ ಒಬ್ಬನ ಮುಂದೆ ಮಾತ್ರ ಯಾಕೆ ಇಷ್ಟು ಸಂಕಟ? ನನಗೆ ತಿಳಿಯಲಿಲ್ಲ. ಕೇಳಿದರೆ ಹೇಳಲೂ ಇಲ್ಲ.

ಅತ್ತೆಯನ್ನು ಒಪ್ಪಿಸುವುದೇ ದೊಡ್ಡ ಯುದ್ಧವಾಯಿತು. ಅವರು ನೇಕಾರರ ಮನೆಯ ಮಗಳು. ಬೆಳಿಗ್ಗೆ ಲಿಂಗಪೂಜೆಯಾಗದೆ ಹನಿ ನೀರು ಮುಟ್ಟದವರು. ಮೂರು ದಿನ ಮಾತು ಬಿಟ್ಟು, ನಾಲ್ಕನೆಯ ದಿನ ತೀರ್ಪು ಕೊಟ್ಟರು. “ಅದು ನನ್ನ ಅಡಿಗಿಮನಿ ಹೊಸ್ತಿಲಾ ದಾಟಬಾರದು. ನನ್ನ ಪಾತ್ರಿ ಭಾಂಡೆಕ ಮುಟ್ಟಬಾರದು. ನನ್ನ ಬಾಯಾಗ ಅದರ ಹೆಸರ ಸೈತ ಬರಬಾರದು.” ಆವತ್ತಿನಿಂದ ಅವರ ಮಟ್ಟಿಗೆ ಬೀರು ‘ಅದು’ ಆಯಿತು. ಕಾನೂನು ಇದಕ್ಕೆ ಏನನ್ನುತ್ತಿತ್ತೋ ನನಗೆ ಗೊತ್ತಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

ಮಾಮಾ ಜೋಳ ನೆನೆಸಿದರು, ಮೊಳಕೆ ಬರಿಸಿದರು, ಒಣಗಿಸಿ ಕುಟ್ಟಿದರು. ಮಹಾಲಿಂಗಪುರದ ಬೆಲ್ಲ ಹಾಕಿ ಕುದಿಸಿ, ಮಾಳಿಗೆಯ ಮೇಲೆ ಒಂದು ದೊಡ್ಡ ಮಣ್ಣಿನ ಹರವಿಯಲ್ಲಿ ತುಂಬಿಟ್ಟರು. ಮಾಳಿಗೆಗೆ ತೂತು ಕೊರೆದು, ಹರವಿಯಿಂದ ಪಡಸಾಲೆಯ ಗೋಡೆಗುಂಟ ಬಿಳಿ ಪ್ಲಾಸ್ಟಿಕ್ ಪೈಪು ಇಳಿಬಿಟ್ಟರು. ತುದಿಗೆ ನಳ ಬೇಕಲ್ಲ? ಅದು ಹಿತ್ತಾಳೆಯದೇ ಆಗಬೇಕು, ಅದಕ್ಕೆ ನವಿಲಿನ ಮುಖವೇ ಇರಬೇಕು! ಜಮಖಂಡಿಯ ಪೇಟೆಯಲ್ಲಿ ಸಿಂಹದ ಮುಖದ ನಳ ಸಿಕ್ಕಿತು. ಬೇಡ ಎಂದರು. ಮುಧೋಳದಲ್ಲಿ ಬರೀ ನಳ ಸಿಕ್ಕಿತು. ಬೇಡ ಎಂದರು.

“ಮಾಮಾ, ಸಿಂಹದ ಬಾಯಿಂದ ಬಂದರೂ ಅದೇ ಬೀರು, ನವಿಲಿನ ಬಾಯಿಂದ ಬಂದರೂ ಅದೇ ಬೀರು ಅಲ್ಲೇನು?”

“ನವಿಲಾ ಅಂದ್ರ ನವಿಲಾ. ನೀ ಬಸ್ಸ ಹತ್ತು.”

ಕೊನೆಗೆ ಮಹಾಲಿಂಗಪುರದ ಹಳೇ ಪಾತ್ರೆ ಅಂಗಡಿಯೊಂದರ ಮೂಲೆಯಲ್ಲಿ ಒಂದು ಕಪ್ಪಗಾದ ನವಿಲು ಸಿಕ್ಕಿತು. ಅದರ ಕೊಕ್ಕು ಸ್ವಲ್ಪ ಮುರಿದಿತ್ತು. ಮಾಮಾ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಬಂಗಾರ ಮಾಡಿದರು.

ಮೊದಲ ಸಲ ನಳ ತಿರುವಿದ ದಿನವನ್ನು ನನ್ನ ಮೂಗು ಇನ್ನೂ ಮರೆತಿಲ್ಲ! ವಾರಗಟ್ಟಲೆ ನೆನೆಸಿದ ಚರ್ಮದ ವಾಸನೆ. ಅತ್ತೆ ಸೆರಗು ಮೂಗಿಗೆ ಒತ್ತಿಕೊಂಡು ಹಿತ್ತಲಿಗೆ ಓಡಿದರು. ಆದರೆ ಮಾಳಿಗೆ ಹತ್ತಿ ಹರವಿಯನ್ನೇ ಮೂಸಿದರೆ ವಾಸನೆ ಅಷ್ಟೇನೂ ಕೆಟ್ಟಿರಲಿಲ್ಲ. ಮಾಮಾ ಪೈಪನ್ನು ಬೆಳಕಿಗೆ ಹಿಡಿದರು. ಒಳಗೆಲ್ಲ ಹಾವಸೆ, ಲೋಳೆ.

“ಬೀರಿನ ತಪ್ಪಲ್ಲ, ಪೈಪಿಂದು. ಪೈಪು ತೊಳೀಲಿಕ್ಕೆ ಮಶೀನ್ ಬೇಕು. ನಮ್ಮ ಆಫೀಸರ್ ಮೆಸ್ಸಿನ್ಯಾಗ ಇಂಗ್ಲಿಷರ ಕಾಲದ್ದು ಒಂದಿತ್ತು. ದಿನಾ ಅದನ್ನ ನಾನ ನಡಸ್ತಿದ್ನಿ.”

“ನೀವು ಅಲ್ಲಿ ತೋಪು ಹಾರಿಸ್ತಿದ್ದೆ ಅಂದಿದ್ರಲ್ಲ?”

ಮಾಮಾ ಮೀಸೆ ಒರೆಸಿಕೊಂಡರು. “ಪೈಪು ಸೈತ ಒಂದ ನಮೂನಿ ತೋಪನ. ಒಳಗ ಹೊಲಸಿದ್ರ ಎರಡೂ ಹಾರೂದಿಲ್ಲ.”

ಹೀಗೆ ನಮ್ಮ ಮನೆತನದ ಏಕೈಕ ವೀರಯೋಧ ಮಿಲಿಟರಿಯಲ್ಲಿ ಬೀರಿನ ಪೈಪು ತೊಳೆಯುತ್ತಿದ್ದ ಸಂಗತಿ ಬಯಲಾಯಿತು. ಅವರಿಗೆ ಬೀರು ಮಾಡಲು ಬರುತ್ತಿರಲಿಲ್ಲ. ಅದನ್ನು ಕುಡಿಯುತ್ತಲೂ ಇರಲಿಲ್ಲ. ತೊಳೆಯಲು ಮಾತ್ರ ಬರುತ್ತಿತ್ತು. ಆ ವಿದ್ಯೆಯೂ ಮಶೀನಿನ ಜೊತೆಗೆ ಅಲ್ಲೇ ಉಳಿದಿತ್ತು.

ಮೊದಲ ಮಶೀನಿಗೆ ಹೊಲದ ಬೆಳೆಗೆ ಔಷಧ ಹೊಡೆಯುವ ಪಂಪು ತಂದರು. ಬೆನ್ನಿಗೆ ಕಟ್ಟಿಕೊಂಡು, ಪೈಪಿಗೆ ಜೋಡಿಸಿ, ಇನ್ನೇನು ಹೊಡೆಯಬೇಕು, ಅತ್ತೆ ಅಡ್ಡ ನಿಂತರು.

“ಅದರಾಗ ಹ್ವಾದ ವಾರ ಹತ್ತಿ ಹುಳಕ್ಕ ಹೊಡಿಯೂ ಎಣ್ಣಿ ಇತ್ತಲ್ಲರಿ? ಗೆಳ್ಯಾಗ ಉಪಚಾರ ಮಾಡವರೋ, ಹುಳಾ ಸತ್ತಾವೇನ ನೋಡವರೋ?”

ಪಂಪು ವಾಪಸು ಹೋಯಿತು. ಎರಡನೆಯ ಮಶೀನು ಒಂದು ಸಣ್ಣ ಡ್ರಮ್ಮು. ಅದಕ್ಕೆ ಸೈಕಲ್ ಟ್ಯೂಬಿನ ವಾಲ್ವು ಬೆಸೆದು, ಸೈಕಲ್ ಪಂಪಿನಿಂದ ಗಾಳಿ ತುಂಬಿದರೆ ಒಳಗಿನ ನೀರು ರಭಸದಿಂದ ಪೈಪಿಗೆ ನುಗ್ಗಬೇಕು. ನೀರಿಗೆ ಒಲೆಯ ಬೂದಿ ಕಲಸಿ ಬಿಸಿ ಮಾಡಿದರು. ನಮ್ಮ ಕಡೆ ಎಂಥ ಜಿಡ್ಡಿನ ಪಾತ್ರೆಯಾದರೂ ಬೂದಿಗೆ ಶರಣಾಗುತ್ತದೆ, ಪೈಪು ಯಾವ ಲೆಕ್ಕ? ಆದರೆ ಡ್ರಮ್ಮು ನೇಕಾರರ ಊರಾದ ಬನಹಟ್ಟಿಯದು! ಈ ಊರಿನ ಯಾವ ಡ್ರಮ್ಮು ತಾನೆ ನೂಲಿಗೆ ಹಚ್ಚುವ ಗಂಜಿಯನ್ನು ಕಾಣದೆ ಇದ್ದೀತು? ತಳದಲ್ಲಿ ಒಣಗಿ ಕೂತಿದ್ದ ಹಳೇ ಗಂಜಿ ಬಿಸಿ ಬೂದಿನೀರಿಗೆ ಕರಗಿ ಎದ್ದು ಪೈಪಿನೊಳಗೆ ಹೋಗಿ ಹಾಯಾಗಿ ಮಲಗಿತು. ಮರುದಿನ ನೋಡಿದರೆ ಪೈಪು ಇಸ್ತ್ರಿ ಮಾಡಿದ ಧೋತರದಂತೆ ಸೆಟೆದು ನಿಂತಿತ್ತು. ಗೋಡೆಯಿಂದ ಬಿಚ್ಚಿದರೂ ಬಾಗಲಿಲ್ಲ. ಅತ್ತೆ ಅದನ್ನು ತೆಗೆದುಕೊಂಡು ಒಂದು ಬೀದಿನಾಯಿಯನ್ನು ಓಣಿಯ ತುದಿಯವರೆಗೂ ಓಡಿಸಿ ಬಂದು, “ಛಲೋ ಆಗೈತ್ರಿ ನಿಮ್ಮ ಮಶೀನ” ಎಂದರು.

ಪೈಪನ್ನು ಬಿಸಿನೀರಿನಲ್ಲಿ ನೆನೆಹಾಕಿ ಗಂಜಿ ಬಿಡಿಸಿದ್ದಾಯಿತು. ಕೆಟ್ಟ ಬೀರನ್ನೆಲ್ಲ ಹಿತ್ತಲಿನ ಬಾನಿಗೆ ಸುರಿಯುತ್ತಿದ್ದೆವು. ಅದನ್ನು ಎಮ್ಮೆ ಕುಡಿಯುತ್ತಿತ್ತು. ಬರುಬರುತ್ತ ಅದಕ್ಕೆ ರುಚಿ ಹತ್ತಿತು. ಭಾನುವಾರ ನಾನು ಓಣಿಗೆ ಕಾಲಿಟ್ಟರೆ ಸಾಕು, ನನ್ನ ಹೆಜ್ಜೆಯ ಸಪ್ಪಳ ಕೇಳಿ ಹಂಬಲಿಸಿ ಒದರುತ್ತಿತ್ತು! ಈ ಲೋಕದಲ್ಲಿ ನನ್ನ ದಾರಿ ಅಷ್ಟು ಆಸೆಯಿಂದ ಕಾದವರು ಆಗ ಬೇರೆ ಯಾರೂ ಇರಲಿಲ್ಲ.

ಮೂರನೆಯ ಮಶೀನು ಹೊಸ ತಗಡಿನ ಡಬ್ಬಿಯಿಂದ ಆಯಿತು. ಮೊದಲ ದಿನವೇ ಗಾಳಿ ಹೆಚ್ಚಾಗಿ ಅದರ ಮುಚ್ಚಳ ಹಾರಿ ಪಕ್ಕದ ಮನೆಯ ಮಾಳಿಗೆಯ ಮೇಲೆ ಬಿತ್ತು. “ನೋಡ್ದಿ? ಈಗ ಖರೇನ ತೋಪಾತು” ಎಂದು ಮಾಮಾ ಹಿಗ್ಗಿದರು. ಆಮೇಲೆ ಅದು ಹದಕ್ಕೆ ಬಂತು. ಮೊದಲು ಸೋಸಿದ ಬೂದಿನೀರು, ಆಮೇಲೆ ಹುಣಸೆನೀರು, ಆಮೇಲೆ ಸಾದಾ ನೀರು. ಕೊನೆಗೆ ನೂಲಿಗೆ ಒಂದು ಚಿಂದಿ ಕಟ್ಟಿ ಪೈಪಿನ ಈ ತುದಿಯಿಂದ ಆ ತುದಿಗೆ ಎಳೆಯುವುದು. ಮಾಮಾ ಮೇಲೆ ಕೂತು ಪಂಪು ಹೊಡೆಯುವರು, ನಾನು ಕೆಳಗೆ ಪೈಪಿನ ತುದಿ ಹಿಡಿದು ನಿಲ್ಲುವೆ. ಬೂದಿಯನ್ನು ಅತ್ತೆ ಗೊಣಗುತ್ತಲೇ ಕೊಡುತ್ತಿದ್ದರು. ಆದರೆ ಜರಡಿ ಹಿಡಿದೇ ಕೊಡುತ್ತಿದ್ದರು.

ಶಿವರಾತ್ರಿ ಕಳೆಯಿತು. ಗೆಳೆಯರು ಬರುವ ದಿನ ಬೆಳಿಗ್ಗೆ ಪೈಪು ಕನ್ನಡಿಯಂತಿತ್ತು. ಸುಮ್ಮನಿರಬಾರದೇ? ಮಾಮಾನಿಗೆ ಸಮಾಧಾನವಿಲ್ಲ. “ಇನ್ನೊಮ್ಮಿ ಚಿಂದಿ ಎಳ್ಯೂಣು” ಎಂದರು. ಎಳೆದರು. ನೂಲು ನಡುವೆಯೇ ಹರಿಯಿತು! ಚಿಂದಿ ಒಳಗೇ ಉಳಿಯಿತು. ಅಷ್ಟರಲ್ಲಿ ಬಸ್ಸಿನ ಹೊತ್ತಾಗಿತ್ತು.

“ನೀ ಹೋಗಿ ಕರಕೊಂಡ ಬಾ. ಬೀರು ತನ್ನ ಭಾರಕ್ಕ ತಾನ ಅದನ್ನ ದಬ್ಬತೈತಿ” ಎಂದರು ಮಾಮಾ.

ಬಸ್ಸಿನಿಂದ ಇಳಿದ ಗೆಳೆಯರನ್ನು ನೋಡಿ ನಾನು ಬೆಚ್ಚಿದೆ. ಅವರ ಒಂದು ಕಾಲು ಮರದ್ದು. ಇಷ್ಟೊಂದು ಕಥೆ ಹೇಳಿದ ಮಾಮಾ ಇದೊಂದನ್ನು ಯಾರಿಗೂ ಹೇಳಿರಲಿಲ್ಲ.

ಪಡಸಾಲೆಗೆ ಬಂದ ಅವರು ಮೊದಲು ನೋಡಿದ್ದು ಮಾಮಾನನ್ನಲ್ಲ, ಗೋಡೆಯ ಮೇಲಿನ ನಳವನ್ನು. ನವಿಲಿನ ಮುರಿದ ಕೊಕ್ಕನ್ನು ಬೆರಳಿನಿಂದ ಸವರಿ ಕೂತರು. ಮಾಮಾ ಗ್ಲಾಸು ಹಿಡಿದು ನಳ ತಿರುವಿದರು. ಒಂದು ಹನಿ ಬಂತು. ಎರಡನೆಯದು ಬರಲಿಲ್ಲ.

ಮಾಮಾ ಮಾಳಿಗೆಗೆ ಓಡಿ ಸೈಕಲ್ ಪಂಪು ಹೊಡೆದರು. ಪಂಪಿನ ವಾಶರ್ ಹೋಗಿ ಅದು ಮುದುಕನಂತೆ ಏದುಸಿರು ಬಿಟ್ಟಿತು. ಕೆಳಗಿಳಿದು ನಳ ಬಿಚ್ಚಿದರು. ನಾನು ಪೈಪಿಗೆ ಬಾಯಿಟ್ಟು ಉಸಿರೆಳೆದು ಕೆನ್ನೆ ನೋಯುವವರೆಗೂ ಜಗ್ಗಿದೆ. ಚಿಂದಿ ಅಲ್ಲಾಡಲಿಲ್ಲ. ಬರಿಗ್ಲಾಸು ಹಿಡಿದು ನಿಂತ ಮಾಮಾ ಗೆಳೆಯನ ಮುಖ ನೋಡಲಾರದೆ ನೆಲ ನೋಡಿದರು.

ಆಗ ಅಡುಗೆಮನೆಯಿಂದ ಅತ್ತೆ ಬಂದರು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಪೈಪಿನ ತುದಿಯನ್ನು ಒರೆಸಿ, “ಸರೀರಿ ಅತ್ತಾಗ” ಎಂದರು. ಮಗ್ಗದ ಲಾಳಿಯ ಸಣ್ಣ ತೂತಿನಿಂದ ನೂಲು ಹೊರಬರಬೇಕಾದರೆ ಬಾಯಿಟ್ಟು ಜಗ್ಗಬೇಕು. ತವರಿನಲ್ಲಿ ಅತ್ತೆ ಚಿಕ್ಕಂದಿನಿಂದ ಅದೇ ಕೆಲಸ ಮಾಡಿ ಬೆಳೆದವರು. ಪೈಪಿಗೆ ಬಾಯಿಟ್ಟು ಲಾಳಿಯನ್ನು ಜಗ್ಗಿದಂತೆ ಒಂದೇ ಸಲ ಜಗ್ಗಿದರು. ಚಿಂದಿ ಅವರ ಅಂಗೈಗೆ ಬಿತ್ತು. ಅದರ ಬೆನ್ನಿಗೇ ಬಂದ ಬೀರು ಅವರ ಬಾಯಲ್ಲಿತ್ತು!

ಪೈಪನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿದು ಅತ್ತೆ ಕೆನ್ನೆ ಉಬ್ಬಿಸಿ ನಿಂತಿದ್ದರು. ಉಗುಳಬೇಕು, ಆದರೆ ಎದುರಿಗೆ ಮನೆಗೆ ಬಂದ ಪಾವಣ್ಯಾರು ಕೂತಿದ್ದಾರೆ. ಅತಿಥಿಯ ಮುಂದೆ, ಅವರಿಗೆಂದೇ ಮಾಡಿದ್ದನ್ನು, ಥೂ ಎಂದು ಉಗುಳುವುದುಂಟೆ? ಅತ್ತೆ ಕಣ್ಣು ಮುಚ್ಚಿ ನುಂಗಿದರು. ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದರು:

“ಉಪ್ಪು ಕಡಿಮಿ ಆಗೈತಿ.”

ಗೆಳೆಯರು ನಕ್ಕರು. ಮರದ ಕಾಲು ನೆಲಕ್ಕೆ ಟಕಟಕ ಬಡಿಯುವಂತೆ ನಕ್ಕರು. ಮಾಮಾ ನಳ ಕೂಡಿಸಿ ತಿರುವಿದರು. ನವಿಲಿನ ಬಾಯಿಂದ ಬೀರು ಸುರಿಯಿತು. ಅದು ಬೀರಿನಂತಿತ್ತೋ, ಬೆಲ್ಲದ ಅಂಬಲಿಯಂತಿತ್ತೋ ನಾನರಿಯೆ. ಗೆಳೆಯರು ಕೊನೆಯ ಹನಿಯವರೆಗೂ ಕುಡಿದು ಗ್ಲಾಸು ಕೆಳಗಿಟ್ಟರು. ಕಣ್ಣಲ್ಲಿ ನೀರಿತ್ತು. ನಗುವಿನ ನೀರೇ ಇರಬೇಕು ಎಂದುಕೊಂಡೆ.

“ಅದು ಸುಳ್ಳು ಅಂತ ನನಗೆ ಆವತ್ತೇ ಗೊತ್ತಿತ್ತಮ್ಮ” ಎಂದರು ಅತ್ತೆಗೆ. “ಜೀಪು ಮಗುಚಿ ನನ್ನ ಕಾಲು ತೆಗೆದಿದ್ರು. ನಾನು ಊಟ ಬಿಟ್ಟು ಗೋಡೆ ಕಡೆ ಮುಖ ಮಾಡಿ ಮಲಗಿದ್ದೆ. ಸಾಯೋಣ ಅಂತಲೇ ಮಲಗಿದ್ದೆ. ಆ ವಾರ್ಡಿನಲ್ಲಿ ಕನ್ನಡ ಬರೋರು ಯಾರೂ ಇರಲಿಲ್ಲ. ಇವನು ಮೆಸ್ಸಿನ ಕೆಲಸ ಮುಗಿಸಿ ದಿನಾ ಬಂದು ಪಕ್ಕದಲ್ಲಿ ಕೂತು ಮಾತಾಡೋನು. ಇವನ ಕನ್ನಡ ನನಗೆ ಅರ್ಧ ತಿಳೀತಿರಲಿಲ್ಲ. ಒಂದು ದಿನ ಮನೇಲಿ ಬೀರಿನ ನಳ ಇದೆ ಅಂದ. ಮರುದಿನ ಅದು ಹಿತ್ತಾಳೇದು ಅಂದ. ಅದರ ಮರುದಿನ ಅದಕ್ಕೆ ನವಿಲಿನ ಮುಖ ಬಂತು. ನಾಳೆ ಇನ್ನೇನು ಹೇಳ್ತಾನೋ ಅಂತ ಕಾಯ್ತಾ ಕಾಯ್ತಾ ಅನ್ನ ತಿಂದೆ. ಈ ಸುಳ್ಳುಗಾರನ ಮನೆ ಒಂದು ಸಲ ನೋಡಲೇಬೇಕು ಅಂತ ಎದ್ದು ನಿಂತೆ.”

ಮಾಮಾ ಖಾಲಿ ಗ್ಲಾಸು ಎತ್ತಿಕೊಂಡು ಮತ್ತೆ ನಳದ ಕೆಳಗೆ ಹಿಡಿದರು. ಅವರನ್ನು ಗೇಲಿ ಮಾಡಿದ ಭಾನುವಾರಗಳೆಲ್ಲ ನನಗೆ ನೆನಪಾದವು.

ಮರುದಿನ ಗೆಳೆಯರನ್ನು ಬಸ್ಸಿಗೆ ಹತ್ತಿಸಿ ಬಂದ ಮಾಮಾ ಪೈಪು ಕೀಳಲು ಏಣಿ ಹಾಕಿದರು. “ಆತು. ಇನ್ನ ಇದರ ಕೆಲಸ ಮುಗೀತು” ಎಂದರು.

“ಕೀಳಬ್ಯಾಡ್ರಿ” ಎಂದರು ಅತ್ತೆ. “ತೊಳದ ಇಡ್ರಿ. ಆ ಅಣ್ಣಾರು ಮತ್ತೊಮ್ಮಿ ಬಂದಾರು.”

ಮಾಮಾ ಅವರನ್ನೇ ನೋಡಿದರು. ಆಮೇಲೆ ಮಾಳಿಗೆ ಹತ್ತಿ ಮಶೀನಿನ ಮುಂದೆ ಕೂತರು. ಪೈಪಿನ ತುದಿ ಹಿಡಿಯಲೆಂದು ನಾನು ಎದ್ದೆ. ಅಷ್ಟರಲ್ಲಿ ಅತ್ತೆ ಹಿಡಿದಾಗಿತ್ತು.