ಸೋಮವಾರದ ಪಾಳಿ

ಧೂಳಪ್ಪನ ಸೊಂಟ ಹಿಡಿದದ್ದು ಏಳನೆಯ ಕೊಡಕ್ಕೆ. ಬಾವಿಗೆ ಅರವತ್ತೆರಡು ಪಾವಟಿಗೆ. ನಲವತ್ತನೆಯದರ ಮೇಲೆ ಬಲಗಾಲು ಊರಿದ್ದ, ಎಡಗಾಲು ಇನ್ನೂ ಕೆಳಗಿತ್ತು, ಅಷ್ಟರಲ್ಲಿ ಸೊಂಟ ಕಳಕ್ ಎಂದಿತು. ಬಗ್ಗಿದವನು ಬಗ್ಗಿದ ಹಾಗೆಯೇ ಉಳಿದ. ಅಯ್ಯೋ ಅನ್ನೋಣವೆಂದರೆ ಅದಕ್ಕೂ ದಾರಿಯಿಲ್ಲ. ಹೆಗಲ ಮೇಲೆ ಕೊಡ ಇರುವ ತನಕ ಬಾಯಿ ಬಿಡಬಾರದೆಂದು ಮರುಳಯ್ಯನವರ ಕಟ್ಟಳೆ.

ಆ ಕಟ್ಟಳೆಯ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ಔರಾದ ಶಹಾಜನಿಯ ಅಗಸಿಬಾಗಿಲು ದಾಟಿದರೆ ಮಠ, ಮಠಕ್ಕೆ ಹತ್ತಿಕೊಂಡು ಊರಬಾಗ, ಊರಿನ ಹೂದೋಟ. ನಾಲ್ಕು ಪತ್ರಿಗಿಡ, ಮಲ್ಲಿಗೆಯ ಸಾಲು, ಕಣಗಿಲೆ, ಬೇವಿನ ನೆರಳು, ಕೂಡಲಿಕ್ಕೆ ಕಲ್ಲುಕಟ್ಟೆ. ಸಂಜೆಯಾದರೆ ಅರ್ಧ ಊರು ಅಲ್ಲಿರುತ್ತಿತ್ತು. ನಿಜಾಮರ ಸರಕಾರದ ತಹಸೀಲದಾರ ಸಾಹೇಬರೇ ಒಮ್ಮೆ ಕುದುರೆಯಿಂದಿಳಿದು ಅಲ್ಲಿ ಅರ್ಧ ತಾಸು ಕೂತು ಹೋಗಿದ್ದರು. ಬಾಗಕ್ಕೆ ಮಾಲಿಯಿಲ್ಲ, ಯಾರಿಗೂ ಪಗಾರವಿಲ್ಲ. ಏಳು ಮನೆಯ ಏಳು ಗಂಡಸರು ತಾವಾಗಿ ಒಪ್ಪಿಕೊಂಡು ವಾರಕ್ಕೊಂದು ದಿನ ಪಾಳಿಯಂತೆ ನೀರು ಹಾಕುತ್ತಿದ್ದರು. ಹನ್ನೆರಡು ವರ್ಷದ ಹಿಂದೆ ಇದನ್ನು ಶುರು ಮಾಡಿಸಿದವರು ಮಠದ ಅಯ್ಯನವರಾದ ಮರುಳಯ್ಯ. ಆಗ ಅವರು ಒಂದು ಷರತ್ತು ಹಾಕಿದರು. ಪತ್ರಿ, ಹೂವು ದೇವರ ತಲೆಗೇರುವಂಥವು. ಎತ್ತು ಕಟ್ಟಿ ಮೋಟದಿಂದ, ಆ ತೊಗಲಿನ ದೊಡ್ಡ ಚೀಲದಿಂದ, ಎಳೆದ ನೀರು ಅವಕ್ಕೆ ಸಲ್ಲದು. ಮಿಂದು, ಒದ್ದೆ ಧೋತರದಲ್ಲಿ, ಹಿತ್ತಾಳೆ ಕೊಡ ಹೆಗಲಿಗಿಟ್ಟು, ಮೌನದಿಂದ ಹೊರಬೇಕು. ದಿನಕ್ಕೆ ಐವತ್ತು ಕೊಡ. ಊರಿನ ಗೋಧಿಯೆಲ್ಲ ಮೋಟದ ನೀರಿನಲ್ಲೇ ಬೆಳೆಯುತ್ತಿತ್ತು, ಅದೇ ಗೋಧಿಯ ಹೋಳಿಗೆ ಮಠದಲ್ಲಿ ನೈವೇದ್ಯಕ್ಕೆ ಬರುತ್ತಿತ್ತು. ಆ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ.

ಧೂಳಪ್ಪನದು ಸೋಮವಾರ. ಹನ್ನೆರಡು ವರ್ಷದಲ್ಲಿ ಒಂದು ಸೋಮವಾರವೂ ತಪ್ಪಿಸಿದವನಲ್ಲ. ಹೆಂಡತಿ ಚಂಪಾಬಾಯಿಯ ಅಣ್ಣನ ಮಗಳ ಮದುವೆ ಸೋಮವಾರ ಬಂತು, ಹೋಗಲಿಲ್ಲ. ಅವಳ ಅಪ್ಪ ತೀರಿಕೊಂಡ ಸುದ್ದಿ ಸೋಮವಾರ ಬಂತು, ಮರುದಿನ ಹೊರಟು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಈಗ ಲೋಹಾರಾದಲ್ಲಿದ್ದ ಅವಳ ಮುದುಕಿ ತಾಯಿ ತನ್ನ ಕಣ್ಣು ಮಂಜಾಗುತ್ತಿವೆಯೆಂದು, ಪೂರ್ತಿ ಹೋಗುವ ಮೊದಲು ಮಗಳ ಮುಖ ನೋಡಬೇಕೆಂದು ಹೇಳಿಕಳಿಸಿದ್ದಳು. ಮಲ್ಲಣ್ಣನ ಕಾಳಿನ ಗಾಡಿಗಳು ಆ ಕಡೆ ಹೋಗುವುದು ಸೋಮವಾರವಷ್ಟೇ, ಸೂರ್ಯ ನೆತ್ತಿಗೆ ಬಂದ ಹೊತ್ತಿಗೆ. ನಸುಕಿನಲ್ಲೇ ಐವತ್ತು ಕೊಡ ಮುಗಿಸಿ ಗಾಡಿ ಹಿಡಿಯೋಣವೆಂದು ಧೂಳಪ್ಪ ಈ ಸಲ ಹೆಂಡತಿಗೆ ಮಾತು ಕೊಟ್ಟಿದ್ದ. ಆಕೆ ರಾತ್ರಿಯೇ ಗಂಟು ಕಟ್ಟಿದ್ದಳು.

ಗೋಡೆ ಹಿಡಿದು ಮನೆ ಮುಟ್ಟಿದ ಗಂಡನನ್ನು ನೋಡಿ ಚಂಪಾಬಾಯಿಗೆ ಏನಾಯಿತೆಂದು ಕೇಳುವುದು ಉಳಿಯಲಿಲ್ಲ.

"ಎಷ್ಟ ಕೊಡ ಆದವು?"

"ಆರು. ಏಳನೇದು ನಡುವ ಅದ."

"ಗಾಡಿ?"

ಧೂಳಪ್ಪ ನೆಲ ನೋಡಿದ. ಬೇರೆ ಕಡೆ ನೋಡಲು ಸೊಂಟ ಬಿಡುತ್ತಲೂ ಇರಲಿಲ್ಲ.

"ದನದ ಕೊಟ್ಟಿಗ್ಯಾಗ ಮೋಟ ಅದಲ್ರೀ," ಎಂದಳು ಆಕೆ ಮೆಲ್ಲಗೆ. "ಒಂದು ದಿನ. ಗಿಡ ಏನ ಕೇಳತಾವ?"

"ಪತ್ರಿಗಿಡಕ್ಕ ಮೋಟದ ನೀರೇನ? ಅಯ್ಯಾರಿಗಿ ತಿಳೀತಂದ್ರ?"

"ಅವ್ವಗ ಕಣ್ಣ ಹೋದ ಮ್ಯಾಲ ನಾ ಹೋದ್ರೇನು, ಬಿಟ್ಟರೇನು," ಎಂದು ಆಕೆ ಒಳಗೆ ಹೋದಳು. ಅತ್ತಿದ್ದರೆ ಅವನು ಗಟ್ಟಿಯಾಗಿರುತ್ತಿದ್ದನೇನೋ, ಅಳಲಿಲ್ಲ.

ಅವನ ಎತ್ತುಗಳಲ್ಲೊಂದು ಕುಂಟುತ್ತಿತ್ತು. ಪಕ್ಕದ ಮನೆಯ ರೇವಣಪ್ಪ ಮಂಗಳವಾರದ ಪಾಳಿಯವ, ಊರಿನವರ ಕೆಲಸವೆಲ್ಲ ತನ್ನದೇ ಎಂದು ತಿಳಿದವ. ಅವನ ಬಾಗಿಲಿಗೆ ಹೋಗಿ ಧೂಳಪ್ಪ ಹುಟ್ಟಿದಾಗಿನಿಂದ ಹೇಳದ ಸುಳ್ಳನ್ನು ಹೇಳಿದ.

"ಗೊಬ್ಬರದ ಗಾಡಿ ಎಳೀಬೇಕಾಗ್ಯದ. ಜರಾ ಎತ್ತ ಕೊಡ್ತಿಯೇನ್ಪಾ?"

"ಸೋಮವಾರ ಗೊಬ್ಬರ? ನಿನ್ನ ಪಾಳಿ?"

"ಆಗ್ಯದ."

"ಇಷ್ಟ ಲಗೂ ಆತು?" ರೇವಣಪ್ಪ ಅವನ ಬಾಗಿದ ಸೊಂಟವನ್ನು ಸುತ್ತು ಹಾಕಿ ನೋಡಿದ. "ಹನ್ನೆರಡು ವರ್ಷ ಹೊತ್ತಿ ನೋಡು, ಮರುಳಾ. ಒಯ್ಯಿ."

ಮರುಳಾ ಎಂದದ್ದು ಯಾಕೆಂದು ಧೂಳಪ್ಪ ಆಗ ವಿಚಾರಿಸಲಿಲ್ಲ. ಮೋಟಕ್ಕೆ ಕಂಬಳಿ ಸುತ್ತಿ ಎತ್ತಿನ ಬೆನ್ನಿಗೆ ಹಾಕಿದ, ಹಿಂದಿನ ಓಣಿ ಹಿಡಿದ. ನೆರೆಯ ಮಾಣಿಕಬಾಯಿ ತನ್ನ ಕಟ್ಟೆಯಿಂದ ಕೇಳಿದಳು, "ಎತ್ತಿಗಿ ಥಂಡಿ ಆಗ್ಯದೇನೋ ಧೂಳಪ್ಪಾ?" ಅವನು ಹೂಂ ಅಂದ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು.

ಬಾಗದ ಹತ್ತಿರ ಒಂದು ಸೋಜಿಗ ನಡೆಯಿತು. ಬಾವಿಯ ಆಚೆ ಬದಿಗೆ ಹಳೆಯ ಕಾಲದ ಮೋಟದ ಹಾದಿಯಿತ್ತು, ಹನ್ನೆರಡು ವರ್ಷದಿಂದ ಪಾಳು ಬಿದ್ದದ್ದೆಂದು ಅವನ ತಿಳಿವಳಿಕೆ. ಎತ್ತುಗಳನ್ನು ಅಲ್ಲಿಗೆ ಹೇಗೆ ತಿರುಗಿಸಲಿ ಎಂದು ಧೂಳಪ್ಪ ಹಗ್ಗ ಜಗ್ಗುವ ಮೊದಲೇ ಅವು ತಾವಾಗಿ ಅತ್ತ ತಿರುಗಿದವು. ನೇರ ಬಾವಿಯ ಅಂಚಿಗೆ ಹೋಗಿ, ಹೊರಳಿ ನಿಂತು, ನೊಗಕ್ಕೆ ಕುತ್ತಿಗೆ ತಗ್ಗಿಸಿದವು. ಬಾವಿಯ ಮೇಲಿನ ರಾಟೆಯ ಗಾಲಿಗೆ ಯಾರೋ ಔಡಲೆಣ್ಣೆ ಹಚ್ಚಿದ್ದರು, ಕಿರ್ ಎನ್ನಲಿಲ್ಲ. ಹಾದಿಯಲ್ಲಿ ನಿನ್ನಿನ ಸಗಣಿಯೂ ಇತ್ತು.

'ಶಿವನೇ, ನನ್ನ ಸೊಂಟ ನೋಡಿ ನೀನೇ ಎಲ್ಲಾ ಸಜ್ಜು ಮಾಡಿಟ್ಟಿ,' ಎಂದು ಧೂಳಪ್ಪ ಕಣ್ಣಿಗೆ ನೀರು ತಂದುಕೊಂಡ.

ಐವತ್ತು ಕೊಡದ ನೀರು ಹತ್ತು ಮೋಟಕ್ಕೆ ತೀರಿತು. ಪತ್ರಿಗಿಡದ ಪಾತಿ ತುಂಬಿತು, ಮಲ್ಲಿಗೆಯ ಸಾಲು ತುಂಬಿತು. ಧೂಳಪ್ಪನಿಗೆ ನಂಬಿಕೆಯೇ ಆಗಲಿಲ್ಲ. ಸೂರ್ಯ ಇನ್ನೂ ಬೇವಿನ ಮರದ ಪಕ್ಕದಲ್ಲಿದ್ದ, ಗಾಡಿಗೆ ಬೇಕಾದಷ್ಟು ಹೊತ್ತಿತ್ತು. ಮಠದೊಳಗೆ ಮರುಳಯ್ಯನವರ ಪೂಜೆಯ ಗಂಟೆ ಕೇಳುತ್ತಿತ್ತು. ಪೂಜೆ ಮುಗಿಯದೆ ಅವರು ಹೊಸ್ತಿಲು ದಾಟುವವರಲ್ಲ. ಆಗಲೇ ಎತ್ತು ಬಿಚ್ಚಿಕೊಂಡು ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಅವನ ಮನಸ್ಸು ಚುಚ್ಚಿತು. ಮಾಡಿದ ತಪ್ಪಿಗೆ ದಂಡವಾಗಿ ಎರಡು ಮೋಟ ಹೆಚ್ಚು ಹಾಕುತ್ತೇನೆ, ಆ ಮೂಲೆಯ ಕಣಗಿಲೆ ಬಾಡಿವೆ ಎಂದುಕೊಂಡ.

ಎರಡನೆಯ ಮೋಟ ಮೇಲೆ ಬರುವಾಗ ಗಂಟೆ ನಿಂತಿತು.

ಮಠದ ಬಾಗಿಲು ತೆಗೆದ ಸಪ್ಪಳ ಕೇಳಿ ಧೂಳಪ್ಪ ಹಗ್ಗ ಬಿಟ್ಟ. ಎತ್ತುಗಳನ್ನು ಅಲ್ಲೇ ಬಿಟ್ಟ. ಬೆಳಿಗ್ಗೆ ಪಾವಟಿಗೆಯ ಮೇಲೆ ಬಿಟ್ಟುಬಂದಿದ್ದ ಕೊಡ ನೆನಪಾಯಿತು. ಹೇಗೆ ಇಳಿದನೋ ಹೇಗೆ ಎತ್ತಿದನೋ ಅವನಿಗೇ ತಿಳಿಯದು. ಅಯ್ಯನವರು ಬರುವಷ್ಟರಲ್ಲಿ ಏಳನೆಯ ಕೊಡ ಹೆಗಲಿಗಿಟ್ಟುಕೊಂಡು ಮೇಲಿನ ಪಾವಟಿಗೆಯಲ್ಲಿ, ಕುಡುಗೋಲಿನ ಹಾಗೆ ಬಾಗಿ, ಬೆವರಿನಲ್ಲಿ ಧೋತರ ನೆನೆಸಿಕೊಂಡು ನಿಂತಿದ್ದ.

ಮರುಳಯ್ಯನವರು ಅವನನ್ನು ನೋಡಲೇ ಇಲ್ಲ. ಅವರು ನೋಡಿದ್ದು ಗಾಲಿಗೆ ತೂಗಿ ನೀರು ಸುರಿಸುತ್ತಿದ್ದ ಮೋಟವನ್ನು, ಅದರ ಮುಂದೆ ಸುಮ್ಮನೆ ಮೆಲುಕು ಹಾಕುತ್ತಿದ್ದ ಎತ್ತುಗಳನ್ನು. ಅದೇ ಹೊತ್ತಿಗೆ ಗೊಬ್ಬರ ಎಲ್ಲಿಯ ತನಕ ಬಂತು ನೋಡೋಣವೆಂದು ರೇವಣಪ್ಪನೂ, ಜೊತೆಗೆ ಮಾತಾಡಲು ಸಿಕ್ಕ ಬುಧವಾರದ ಪಾಳಿಯ ವೀರಭದ್ರನೂ ಎತ್ತಿನ ಹೆಜ್ಜೆ ಹಿಡಿದು ಬಾಗದೊಳಗೆ ಬಂದರು.

"ರೇವಣಪ್ಪಾ, ಎತ್ತ ನಿನ್ನವು," ಎಂದರು ಅಯ್ಯನವರು.

ರೇವಣಪ್ಪನ ಬಣ್ಣ ಇಳಿಯಿತು. "ನನ್ನವೇ ಖರೆ ಅಪ್ಪಾರ. ಆದ್ರ ಇವತ್ತ ನಾ ಹೂಡಿಲ್ಲರೀ. ನಾ ಹೂಡೂದು ಮಂಗಳವಾರ."

ಅಯ್ಯನವರು ಅವನತ್ತ ಒಂದು ಹೆಜ್ಜೆ ಇಟ್ಟರು.

"ಮಂಗಳವಾರ ಹೂಡ್ತಿ?"

"ನಾ ಒಬ್ಬನೇ ಏನ್ರೀ? ಈ ವೀರಭದ್ರ ಬುಧವಾರ ಹೂಡ್ತಾನ. ಕೇಳ್ರಿ."

"ನನ್ನ ಹೆಸರ ಯಾಕ ತಗೀತಿ?" ಎಂದ ವೀರಭದ್ರ. "ಗುರುವಾರ ಮನ್ಮಥಪ್ಪಾ ಹೂಡಾಂವ, ಅಂವಾ ಮನ್ಯಾಗ ಆರಾಮ ಮಲಗ್ಯಾನ. ನಮಗ ಮೊದಲ ತೋರಿಸಿದಾಂವನೇ ಅಂವಾ. ಅಯ್ಯಾರು ಪೂಜಿಗಿ ಕೂತ ಮ್ಯಾಲ ಎರಡು ತಾಸು ಏಳಂಗಿಲ್ಲಂತ."

ಹೀಗೆ ಆರೂ ವಾರಗಳು ಒಂದರ ಹಿಂದೊಂದು ಹೊರಬಿದ್ದವು. ಬಾಗ ಹಚ್ಚಿದ ಎರಡನೆಯ ತಿಂಗಳಿಂದ ಆರು ದಿನ ಮೋಟದ್ದೇ ನೀರು. ಧೂಳಪ್ಪನಿಗೆ ಹೆಗಲ ಮೇಲಿನ ಕೊಡದ ಭಾರ ಒಮ್ಮೆಲೇ ಹನ್ನೆರಡು ವರ್ಷದ ಭಾರವಾಯಿತು. ಮಾವನ ಮಣ್ಣು ನೆನಪಾಯಿತು. ಅಣ್ಣನ ಮಗಳ ಮದುವೆಯ ದಿನ ಚಂಪಾಬಾಯಿ ಒಲೆಯ ಮುಂದೆ ಹೊಸ ಸೀರೆಯುಟ್ಟು ಸುಮ್ಮನೆ ಕೂತಿದ್ದು ನೆನಪಾಯಿತು. ಎತ್ತುಗಳಿಗೂ ಗೊತ್ತಿದ್ದ ಮಾತು ತನಗೊಬ್ಬನಿಗೆ ಗೊತ್ತಿರಲಿಲ್ಲ.

"ಇವತ್ತಿನ ಎತ್ತ ಧೂಳಪ್ಪಾ ಒಯ್ದಾನ್ರೀ, ಗೊಬ್ಬರಕ್ಕಂತ," ಎಂದ ರೇವಣಪ್ಪ ಕೊನೆಗೆ.

ಮರುಳಯ್ಯನವರು ಆಗ ತಿರುಗಿ ನೋಡಿದರು. ಒದ್ದೆ ಧೋತರ, ಹಿತ್ತಾಳೆ ಕೊಡ, ಮುರಿದ ಸೊಂಟ, ಮುಚ್ಚಿದ ಬಾಯಿ.

"ನಿಮ್ಮ ತಪ್ಪ ಇಂಥಾವನ ತಲಿಗಿ ಕಟ್ಟತೀರೇನು? ನೋಡ್ರಿ ಅವನ ಸೊಂಟ. ಮೋಟ ಹೊಡದಾಂವ ಹಿಂಗ ಬಾಗತಾನ?"

"ಅಪ್ಪಾರ, ನಾ..." ಎಂದ ಧೂಳಪ್ಪ.

"ಮಾತಾಡಬ್ಯಾಡ. ಹೆಗಲ ಮ್ಯಾಲ ಕೊಡ ಅದ."

ಕೊಡವನ್ನು ಅಯ್ಯನವರೇ ಇಳಿಸಿದರು. ಅವರ ಕಣ್ಣು ತುಂಬಿದ್ದವು. ತಮ್ಮ ಕೈಯಿಂದ ಅವನ ಹಣೆಗೆ ವಿಭೂತಿ ಹಚ್ಚಿದರು. ಈಗ ಕೊಡ ಕೆಳಗಿತ್ತು, ಬಾಯಿ ಬಿಡಬಹುದಿತ್ತು. ಆದರೆ ಹನ್ನೆರಡು ವರ್ಷದಲ್ಲಿ ಯಾರೂ ಒಂದು ಭೇಷ್ ಅಂದಿರಲಿಲ್ಲ; ಅದು ಬಂದ ದಿನವೇ ಹಿಂದಕ್ಕೆ ಕೊಡುವಷ್ಟು ಅವನು ದೊಡ್ಡವನಲ್ಲ. ಸುಮ್ಮನಾದ. ಸುಮ್ಮನಾದದ್ದಕ್ಕೆ ಆಮೇಲೆ ಬಹಳ ಹಳಹಳಿಸಿದ.

"ದೇವರಿಗೆ ಮುಟ್ಟಿದ್ದು ಈ ಒಂದ ಹೆಗಲಿನ ನೀರ," ಎಂದರು ಮರುಳಯ್ಯನವರು. "ಇನ್ನ ಮ್ಯಾಲ ಏಳೂ ದಿನದ ಪಾಳಿ ಧೂಳಪ್ಪಂದೇ. ಉಳದವರು ಬಾಗದ ನೀರ ಮುಟ್ಟೂದು ಬ್ಯಾಡ. ನಾಳಿಂದ ನನ್ನ ಪೂಜಿನೂ ಈ ಬಾವಿಕಟ್ಟಿ ಮ್ಯಾಲೇ."

"ಯೋಗ್ಯ ಮಾತ್ರೀ," ಎಂದ ರೇವಣಪ್ಪ. ಅಷ್ಟು ಮನಸಾರೆ ಅವನು ಯಾವ ಮಾತನ್ನೂ ಒಪ್ಪಿರಲಿಲ್ಲ. ಎತ್ತು ಹೊಡೆದುಕೊಂಡು ಹಗುರಾಗಿ ಹೋದ.

ಅಗಸಿಯ ಕಡೆಯಿಂದ ಗಾಡಿಯ ಗೆಜ್ಜೆ ಕೇಳಿಸಿತು, ದೂರಾಯಿತು. ಧೂಳಪ್ಪ ತಲೆಯೆತ್ತಿ ನೋಡಿದ. ಸೂರ್ಯ ನೆತ್ತಿಯ ಮೇಲಿದ್ದ.

ಹೆಂಡತಿಗೆ ಯಾವ ಮುಖ ತೋರಿಸಲಿ ಎನ್ನುತ್ತ ಮನೆಗೆ ಬಂದರೆ ಬಾಗಿಲಿಗೆ ಚಿಲಕ ಹಾಕಿತ್ತು. ಮಾಣಿಕಬಾಯಿ ತನ್ನ ಕಟ್ಟೆಯ ಮೇಲೆ ಕಾದು ಕೂತಿದ್ದಳು.

"ಚಂಪಾಬಾಯಿ ಹೋದ್ಳು. ಮಲ್ಲಣ್ಣನ ಹೇಣ್ತಿ ಶಿವಕಾಂತಾ ಗಾಡ್ಯಾಗ ಇದ್ಳು, ಆಕಿ ಜೋಡಿ ಹತ್ತಿದಳು. ಗಾಡಿ ನಿಲ್ಲಿಸಿ ಅರ್ಧ ತಾಸು ನಿನ್ನ ಹಾದಿ ನೋಡಿದಳಪ್ಪಾ."

"ಏನರ ಅಂದ್ಳೇನ?"

"ಪಾಳಿ ಅವರದ, ನಂದಲ್ಲ, ಇದು ನನಗ ಇಷ್ಟ ವರ್ಷ ಹೊಳೀಲಿಲ್ಲ ನೋಡು ಅಂದ್ಳು. ಮುಂದಿನ ಸೋಮವಾರ ಬರಲಿಕ್ಕ ಫುರಸತ್ತ ಆದ್ರ ಬರ್ಲಿ, ಬಂದಾಗ ಇಬ್ಬರೂ ತಿರುಗಿ ಬರತೀವಿ ಅಂದ್ಳು. ಎಣ್ಣಿ ಕಾಸಿ ಒಲಿ ಮುಂದ ಇಟ್ಟಾಳಂತ, ಸೊಂಟಕ್ಕ."

ಮುಂದಿನ ಸೋಮವಾರ. ಧೂಳಪ್ಪ ಬೆರಳು ಮಡಿಸಿದ. ಮಂಗಳ, ಬುಧ, ಗುರು, ಶುಕ್ರ, ಶನಿ, ರವಿ, ಸೋಮ. ಮಡಿಸಿದ ಬೆರಳಲ್ಲಿ ಬಿಚ್ಚಲು ಒಂದೂ ಸಿಗಲಿಲ್ಲ.

ಒಳಗೆ ಬೂದಿಯ ಪಕ್ಕ ಬಟ್ಟಲು ಇನ್ನೂ ಬೆಚ್ಚಗಿತ್ತು. ಗೋಡೆಯ ಪಕ್ಕ ಕೂತು ಎಣ್ಣೆಯಲ್ಲಿ ಕೈ ಅದ್ದಿ ಬೆನ್ನಿನ ಹಿಂದೆ ಒಯ್ದ. ಕೈ ಪಕ್ಕೆಯ ತನಕ ಹೋಯಿತು. ನೋವಿದ್ದ ಜಾಗ ಇನ್ನೂ ನಾಲ್ಕು ಬೆರಳು ಆಚೆಗಿತ್ತು. ಹನ್ನೆರಡು ವರ್ಷದ ಸೋಮವಾರ ಸಂಜೆಗಳಲ್ಲಿ ಆ ನಾಲ್ಕು ಬೆರಳು ದಾಟಿ ಬರುತ್ತಿದ್ದದ್ದು ಚಂಪಾಬಾಯಿಯ ಕೈ, ಅದು ಈಗ ಲೋಹಾರಾದ ಹಾದಿಯಲ್ಲಿತ್ತು.